ಆರು ಮಂದಿಯ ಮನೆ

ಮಿರ್ದಿಫ್‌ನ ಆ ಬೀದಿಗೆ ಹೊಸದಾಗಿ ಬಂದವರಿಗೆ ಅಲ್ಲಿನ ಹದಿನೆಂಟು ವಿಲ್ಲಾಗಳೂ ಒಂದೇ ಹೊಟ್ಟೆಯಲ್ಲಿ ಹುಟ್ಟಿದವುಗಳ ಹಾಗೆ ಕಾಣುತ್ತವೆ. ಮರಳಿನ ಬಣ್ಣದ ಗೋಡೆ, ಆಳೆತ್ತರದ ಕಾಂಪೌಂಡು, ಕಪ್ಪು ಗೇಟು, ಗೇಟಿನ ಮೇಲೆ ಕಾಗದದ ಹೂವಿನ ಬಳ್ಳಿ. ನೆತ್ತಿಯ ಮೇಲೆ ಆಗಾಗ ಒಂದೊಂದು ವಿಮಾನ, ಇಳಿಯಲಿಕ್ಕೆ ಕಾಲು ಚಾಚಿಕೊಂಡು. ಹೊರಗಿನಿಂದ ನೋಡಿದವರಿಗೆ ಇಷ್ಟೇ. ಒಳಗಿನ ಭೂಗೋಳ ಬೇಕಾದರೆ ಹನ್ನೊಂದನೇ ನಂಬರಿನ ವಿಲ್ಲಾದ ಖತೀಜಮ್ಮನನ್ನು ಕೇಳಬೇಕು.

ಖತೀಜಮ್ಮ ತೊಕ್ಕೊಟ್ಟು ಕಡೆಯವರು. ಮಗ ಇಲ್ಯಾಸ್ ಕರೆಸಿಕೊಂಡು ಮೂರು ವರ್ಷವಾಗಿತ್ತು. ಕಣ್ಣು ಮುಚ್ಚಿಕೊಂಡು ಕೇಳಿದರೂ ಆ ಮನೆಯ ನಕ್ಷೆ ಹೇಳುತ್ತಿದ್ದರು. ಮೇಲೆ ನಾಲ್ಕು ಕೋಣೆ. ಒಂದರಲ್ಲಿ ಇಲ್ಯಾಸ್, ಸೊಸೆ ಶಾಹಿನ, ಹತ್ತು ವರ್ಷದ ಮೊಮ್ಮಗಳು ಹನಾ ಮತ್ತು ಸ್ವತಃ ಖತೀಜಮ್ಮ. ಇನ್ನೊಂದರಲ್ಲಿ ಅವಳಿ ಮಕ್ಕಳಿದ್ದ ಕಣ್ಣೂರಿನ ಗಂಡಹೆಂಡತಿ. ಮೂರನೆಯದರಲ್ಲಿ ಬಜ್ಪೆಯ ನರ್ಸ್ ಒಲಿಂಡಾ ಮತ್ತು ಅವಳ ಇಬ್ಬರು ಜೊತೆಗಾತಿಯರು. ನಾಲ್ಕನೆಯದು ಸಲೂನಿನ ನಾಲ್ವರು ಫಿಲಿಪಿನೋ ಹುಡುಗಿಯರದ್ದು, ಅವರಲ್ಲಿ ದೊಡ್ಡವಳು ಸ್ಟೇಸಿ. ಕೆಳಗಿನ ಹಾಲಿಗೆ ಜಿಪ್ಸಂ ಹಲಗೆ ಹೊಡೆದು ಎರಡು ಮಾಡಿದ್ದರು, ಎರಡರಲ್ಲೂ ಹೊಸ ಜೋಡಿಗಳು. ಒಬ್ಬರು ಸೀನಿದರೆ ಆಚೆಯವರು ದುವಾ ಹೇಳುವಷ್ಟು ತೆಳು ಗೋಡೆ. ಗೇಟಿನ ಪಕ್ಕದ ಡ್ರೈವರ್ ಕೋಣೆಯಲ್ಲಿ ಕೆಫೆಟೇರಿಯಾದ ಅಲಿಕುಂಞಿ ಮತ್ತು ಅವನ ತಮ್ಮ. ಮೆಟ್ಟಿಲಿನ ಕೆಳಗೆ, ಬಕೆಟ್ಟು ಹಿಡಿಸೂಡಿ ಇಡಬೇಕಾದ ಜಾಗದಲ್ಲಿ, ಒಬ್ಬ ಹೈದರಾಬಾದಿನವನು. ಪಾಪ, ಆರಡಿ ಆಳು, ಮಂಡಿ ಮಡಚಿಯೇ ಮಲಗಬೇಕು. ಮುಂದಿನ ಮಜ್ಲಿಸಿನಲ್ಲಿ, ಅತಿಥಿಗಳನ್ನು ಕೂರಿಸುವ ಕೋಣೆಯಲ್ಲಿ, ದ್ವಾರಕನಾಥ ಶೇರಿಗಾರ್ ಒಬ್ಬರೇ. ವಿಲ್ಲಾ ಬಾಡಿಗೆಗೆ ಹಿಡಿದು ಕೋಣೆ ಕೋಣೆಯಾಗಿ ಹಂಚಿದ ಕುಂದಾಪುರದ ಮನುಷ್ಯ ಅವರೇ.

ಒಟ್ಟು ಇಪ್ಪತ್ತಮೂರು ತಲೆ. ಒಂದೇ ಅಡುಗೆಮನೆ.

ಕಾಗದದಲ್ಲಿ ಮಾತ್ರ ಆ ಮನೆಯಲ್ಲಿ ಆರು ಮಂದಿ. ಇಲ್ಯಾಸನ ಸಂಸಾರ ನಾಲ್ಕು, ದ್ವಾರಕನಾಥರು ಒಬ್ಬರು, ಅವರ ಹೆಂಡತಿ ಕುಸುಮಾ ಒಬ್ಬರು. ಕುಸುಮಾ ಎರಡು ವರ್ಷದ ಹಿಂದೆ ಊರಿಗೆ ಹೋದವಳು ಇನ್ನೂ ಬಂದಿರಲಿಲ್ಲ. ಅಂದರೆ ಇರುವ ಹದಿನೆಂಟು ಮಂದಿ ಕಾಗದದಲ್ಲಿಲ್ಲ, ಕಾಗದದಲ್ಲಿದ್ದ ಒಬ್ಬಳು ಮನೆಯಲ್ಲಿಲ್ಲ.

ಆ ಒಂದು ಕೋಣೆಯ ಮೇಲೆ ಇಲ್ಯಾಸನ ಸಂಸಾರ ನಿಂತಿತ್ತು. ಅವನು ಕೊಡುತ್ತಿದ್ದ ಬಾಡಿಗೆಗೆ ದುಬೈಯಲ್ಲಿ ಬೇರೆ ಕಡೆ ಕೋಣೆ ಸಿಗುತ್ತಿರಲಿಲ್ಲ, ಮಂಚ ಸಿಗುತ್ತಿತ್ತು. ಅವನ ಕಂಪನಿಯವರು ಅಬುಧಾಬಿಯ ಮುಸಫ್ಫಾದಲ್ಲಿರುವ ವರ್ಕ್‌ಶಾಪಿಗೆ ಬಾ ಎಂದು ಕರೆಯುತ್ತಲೇ ಇದ್ದರು. ಅಲ್ಲಿ ಕ್ಯಾಂಪಿನಲ್ಲಿ ಮಂಚ ಪುಕ್ಕಟೆ, ಕೆಲಸಕ್ಕೆ ಕಂಪನಿ ಬಸ್ಸು. ಆದರೆ ಕ್ಯಾಂಪಿನಲ್ಲಿ ಹೆಂಡತಿಗೆ ಜಾಗವಿಲ್ಲ, ಮಗಳಿಗೆ ಜಾಗವಿಲ್ಲ, ತಾಯಿಗಂತೂ ಇಲ್ಲವೇ ಇಲ್ಲ.

"ಈ ಕೋಣೆ ಇರುವಷ್ಟು ದಿನ ನಾವು ನಾಲ್ಕು ಮಂದಿ ಒಟ್ಟಿಗೆ ಉಮ್ಮಾ," ಎಂದು ಇಲ್ಯಾಸ್ ಹೇಳಿದ್ದ. "ಕೋಣೆ ಹೋದರೆ ನೀವು ಮೂವರು ವಿಮಾನ ಹತ್ತುವುದು, ನಾನು ಮುಸಫ್ಫಾದ ಬಸ್ಸು ಹತ್ತುವುದು."

ರಮಳಾನಿಗೆ ಎರಡು ವಾರ ಇರುವಾಗ ಗೇಟಿಗೆ ಒಂದು ಕಾಗದ ಅಂಟಿಸಿ ಹೋದರು. ವಿಲ್ಲಾಗಳನ್ನು ನೋಡಿಕೊಳ್ಳುವ ಆಫೀಸಿನವರು ಮನೆ ಮನೆಗೆ ಬಂದು ಜನಗಣತಿ ಮಾಡುತ್ತಾರಂತೆ. ದ್ವಾರಕನಾಥರು ಆ ಶುಕ್ರವಾರ ಜುಮಾ ಮುಗಿಯುವುದನ್ನೇ ಕಾದು ಎಲ್ಲರನ್ನೂ ಅಡುಗೆಮನೆಗೆ ಕರೆದರು.

"ಹ್ವಾಯ್, ಎಲ್ಲರೂ ಸರೀ ಕೇಣಿ. ಬೀದಿಗೆ ಕಸದ ಡಬ್ಬಿ ಎಷ್ಟು ಬೇಕು, ಪಾರ್ಕಿನಲ್ಲಿ ಬೆಂಚು ಎಷ್ಟು ಬೇಕು ಅಂತ ಲೆಕ್ಕ ಅಂಬ್ರು. ಆದ್ರೆ ಲೆಕ್ಕ ಅಂದ್ಮೇಲೆ ಲೆಕ್ಕವೇ. ಕೇಳಿದ್ರೆ ಆರು ಜನ. ಏಳಲ್ಲ, ಐದಲ್ಲ."

"ನಾನು ಆ ಆರರಲ್ಲಿ ಇದ್ದೇನಾ?" ಒಲಿಂಡಾ ಕೇಳಿದಳು.

"ಇಲ್ಲ. ನೀವು ಆಗ ಡ್ಯೂಟಿಯಲ್ಲಿ ಇರ್ತ್ರಿ."

"ನನಗೆ ಅವತ್ತು ನೈಟ್ ಡ್ಯೂಟಿ. ಹಗಲು ಮಲಗಬೇಕು ಶೇರಿಗಾರ್ರೇ."

"ಹಾಂಗಾದ್ರೆ ನೀವು ಕುಸುಮಾ. ನನ್ನ ಹೆಂಡ್ತಿ. ತಲೆನೋವು ಅಂತ ಮಲಗಿದ್ಲು ಅಂತ ಹೇಳುದು."

ಒಲಿಂಡಾ ತನ್ನ ಕೊರಳಿನ ಶಿಲುಬೆಯನ್ನು ಎರಡು ಬೆರಳಲ್ಲಿ ಎತ್ತಿ ತೋರಿಸಿದಳು. "ಇದನ್ನು ನೋಡಿದರೆ ನಿಮ್ಮ ಅತ್ತೆ ಮನೆಯವರು ಎಂತ ಹೇಳಿಯಾರು?"

ಅಡುಗೆಮನೆ ನಕ್ಕಿತು. ಸ್ಟೇಸಿಗೆ ಕನ್ನಡ ಬಾರದಿದ್ದರೂ ಅವಳೂ ನಕ್ಕಳು. ಆ ದಿನಗಳಲ್ಲಿ ಅವಳು ಕಾರಣವಿಲ್ಲದೆ ನಗುತ್ತಿದ್ದಳು, ಕಾರಣವಿಲ್ಲದೆ ಅಳುತ್ತಿದ್ದಳು. ಯಾಕೆಂದು ಆ ಮನೆಯಲ್ಲಿ ಖತೀಜಮ್ಮನಿಗೊಬ್ಬರಿಗೇ ಗೊತ್ತಿತ್ತು. ಹಡಗಿನಲ್ಲಿ ಕೆಲಸ ಮಾಡುವ ಗಂಡ ರಜೆಗೆ ಬಂದು ಹೋಗಿ ಮೂರು ತಿಂಗಳಾಗಿತ್ತು. ಬೆಳಿಗ್ಗೆ ಬೆಳ್ಳುಳ್ಳಿ ಒಗ್ಗರಣೆಯ ವಾಸನೆಗೆ ಅವಳು ಬಾಯಿ ಮುಚ್ಚಿಕೊಂಡು ಓಡಿದ ಮೊದಲ ದಿನವೇ ಖತೀಜಮ್ಮ ಒಂದು ಲೋಟ ಶುಂಠಿ ನೀರು ಮೇಲಕ್ಕೆ ಕಳಿಸಿದ್ದರು. ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ.

"ಗೇಟು ತೆಗೆಯುವುದು ಖತೀಜಮ್ಮ," ದ್ವಾರಕನಾಥರು ಹೇಳಿದರು. "ಅವರ ಮುಖ ಕಂಡ್ರೆ ಯಾರಿಗೂ ಸಂಶಯ ಬತ್ತಿಲ್ಲ."

"ನನಗೆ ಸುಳ್ಳು ಹೇಳಿ ಅಭ್ಯಾಸ ಇಲ್ಲ ಶೇರಿಗಾರ್ರೇ."

"ನಿಮ್ಮ ಸೊಸೆ ಹೊಲಿದ ಬ್ಲೌಸು ಚಂದ ಉಂಟು ಅಂತ ದಿನಾ ಹೇಳ್ತ್ರಿಯಲ್ಲ, ಅದೆಂತ ಮತ್ತೆ?"

ಶಾಹಿನಳೂ ನಕ್ಕಳು. ಹನಾ ಮಾತ್ರ ಫ್ರಿಜ್ಜಿಗೆ ಒರಗಿ ನಿಂತು, "ದಟ್ಸ್ ನಾಟ್ ಪಾಪ್ಯುಲೇಶನ್, ದಟ್ಸ್ ಲೈಯಿಂಗ್," ಎಂದಳು.

ಟ್ಯಾಬ್ ಹಿಡಿದುಕೊಂಡು ಬಂದವಳು ಒಬ್ಬ ಹುಡುಗಿ, ಭಟ್ಕಳದವಳು. ಗೇಟಿನಲ್ಲಿ ಇಂಗ್ಲಿಷಿನಲ್ಲಿ ಶುರು ಮಾಡಿ, ಖತೀಜಮ್ಮನ ಹಿಂದಿ ಕೇಳಿ ನಗುತ್ತಾ ಕನ್ನಡಕ್ಕೆ ಬಂದಳು. ಚಪ್ಪಲಿಗಳನ್ನೆಲ್ಲ ಮೊದಲೇ ಮೇಲಿನ ಬಾತ್‌ರೂಮಿನ ಟಬ್ಬಿಗೆ ತುಂಬಿದ್ದರು. ತಾರಸಿಯ ಬಟ್ಟೆಹಗ್ಗ ಬಿಚ್ಚಿದ್ದರು. ಆದರೂ ಅಡುಗೆಮನೆಯ ಕಿಟಕಿಯಲ್ಲಿ ಐದು ಪ್ರೆಷರ್ ಕುಕ್ಕರುಗಳು ಸಾಲಾಗಿ ಕವುಚಿ ಬಿದ್ದಿದ್ದವು. ಹುಡುಗಿ ಅವುಗಳನ್ನು ನೋಡಿದಳು. ಖತೀಜಮ್ಮ ಅವಳು ನೋಡಿದ್ದನ್ನು ನೋಡಿದರು.

"ಎಷ್ಟು ಜನ ಅಜ್ಜಿ?"

"ಆರು."

"ಆರು ಅಂತ ಬರೆಯಲಾ?"

"ಬರಿ ಮಗಳೇ. ಎರಡು ಸಂಸಾರ."

ಹುಡುಗಿ ಬೆರಳಿನಲ್ಲಿ ಒತ್ತಿದಳು, ನಿಂಬೆ ಶರಬತ್ತು ಕುಡಿದಳು, ಹನ್ನೆರಡನೇ ನಂಬರಿಗೆ ಹೋದಳು. ಅಷ್ಟೇ. ಖತೀಜಮ್ಮ ಗೇಟಿಗೆ ಚಿಲಕ ಹಾಕಿ ಅಲ್ಲೇ ಒಂದು ಸಲ ಇಸ್ತಿಗ್ಫಾರ್ ಹೇಳಿ, ದೇವರ ಕ್ಷಮೆ ಕೇಳಿ ಒಳಗೆ ಬಂದರು. ಸಂಜೆ ಅಲಿಕುಂಞಿ ಕೆಫೆಟೇರಿಯಾದಿಂದ ಎಲ್ಲರಿಗೂ ಕರಕ್ ಚಹಾ ತಂದ. ಹೈದರಾಬಾದಿನವನು ಮೆಟ್ಟಿಲ ಕೆಳಗಿಂದ ಬಗ್ಗಿ ಹೊರಬಂದು "ಅಮ್ಮೀಜಾನ್, ಸಲಾಂ" ಎಂದ. ಅಡುಗೆಮನೆಯಲ್ಲಿ ಅವರ ಮರ್ಯಾದೆ ಒಂದು ಮೆಟ್ಟಿಲು ಮೇಲೆ ಹೋಯಿತು.

ಹತ್ತು ದಿನದಲ್ಲಿ ಬಣ್ಣದ ಕರಪತ್ರ ಬಂತು. ಬೀದಿಯ ನಕ್ಷೆ, ಪಾರ್ಕು, ಮಸೀದಿ, ಬಸ್ ಸ್ಟಾಪು. ವಿಲ್ಲಾ ಹದಿನೆಂಟು, ನಿವಾಸಿಗಳು ತೊಂಬತ್ತೆರಡು. ಒಂದು ಮನೆಗೆ ಸರಾಸರಿ ಐದು ಮಂದಿ.

"ಸರಾಸರಿ ಅಂದರೆ ಎಂತ?" ಖತೀಜಮ್ಮ ಮೊಮ್ಮಗಳನ್ನು ಕೇಳಿದರು.

"ಆವರೇಜ್. ಎಲ್ಲರನ್ನೂ ಮಿಕ್ಸ್ ಮಾಡಿ ಈಕ್ವಲ್ ಆಗಿ ಡಿವೈಡ್ ಮಾಡೋದು, ಉಮ್ಮಮ್ಮ."

"ಪಾಯಸದ ಹಾಗೆ."

"ಯಾ. ಸಾರ್ಟ್ ಆಫ್."

ಖತೀಜಮ್ಮ ಆ ಕರಪತ್ರವನ್ನು ಅಂಗಡಿ ಚೀಟಿಗಳ ಜೊತೆ ಫ್ರಿಜ್ಜಿನ ಮೇಲೆ ಇಟ್ಟರು. ರಮಳಾನ್ ಬಂತು.

ಖತೀಜಮ್ಮನಿಗೆ ತಲೆ ಎಣಿಸುವ ವಿಷಯ ಹೊಸದಲ್ಲ. ಊರಿನಲ್ಲಿ ನೇರ್ಚೆಯ, ಅಂದರೆ ಹರಕೆಯ ಊಟದ ದಿನ ಮಸೀದಿಯ ಅಂಗಳದಲ್ಲಿ ದೊಡ್ಡ ಹಂಡೆಗಳಲ್ಲಿ ತುಪ್ಪದನ್ನ ಬೇಯುತ್ತಿತ್ತು. ಹಿಂದಿನ ದಿನ ಮನೆ ಮನೆಗೆ ಹೋಗಿ ತಲೆ ಎಣಿಸಿಕೊಂಡು ಬರುತ್ತಿದ್ದುದು ಅವರ ಬಾಪ. ತಲೆಗೊಂದು ಪಾಲು. ನೆಂಟರಿಗೂ ಪಾಲು, ಹಾಲು ಕುಡಿಯುವ ಮಗುವಿಗೂ ಪಾಲು, ಬಸುರಿಗೆ ಎರಡು ಪಾಲು. ಒಂದು ವರ್ಷ ಖತೀಜಮ್ಮನ ಅಜ್ಜಿ ತನ್ನ ಮಗನಿಗೇ ಒಂದು ತಲೆ ಕಡಿಮೆ ಹೇಳಿದರು. ಗಂಡ ಬಿಟ್ಟು ತವರಿಗೆ ಬಂದಿದ್ದ ಅತ್ತೆ ಬೀಫಾತಿಮಾ ಆಗ ಒಳಕೋಣೆಯಲ್ಲಿದ್ದಳು. ಅವಳು ಬಂದದ್ದು ಊರಿಗೆ ಗೊತ್ತಾಗಬಾರದು ಎಂದು ಅಜ್ಜಿ ಎಂಟರ ಬದಲು ಏಳು ಅಂದರು. ಬಾಪ ತಲೆ ತಗ್ಗಿಸಿ ಏಳು ಅಂತಲೇ ಒಯ್ದರು. ಮರುದಿನ ಏಳು ಪಾಲು ಬಂತು. ಏಳು ಮಂದಿ ಉಂಡರು. ಬೀಫಾತಿಮಾತ್ತೆ ಖಾಲಿ ಪಾತ್ರೆಗೆ ನೀರು ಹಾಕಿ ಕೈಯಲ್ಲಿ ತೊಳೆದು, ಆ ತುಪ್ಪದ ನೀರನ್ನು ಬಾಗಿಲ ಹಿಂದೆ ನಿಂತು ಕುಡಿದಳು. ಎಂಟು ವರ್ಷದ ಖತೀಜ ಅದನ್ನು ನೋಡಿದ್ದಳು. ಆಮೇಲೆ ಏನೇ ಆದರೂ, ಉಣ್ಣುವ ಜಾಗದಲ್ಲಿ ಆಕೆ ಯಾರ ತಲೆಯನ್ನೂ ಬಿಟ್ಟು ಎಣಿಸಿದವಳಲ್ಲ.

ಉಪವಾಸದ ಒಂಬತ್ತನೇ ದಿನ, ಅಸರ್ ನಮಾಝ್ ಆಗಿ ಸ್ವಲ್ಪ ಹೊತ್ತಿಗೆ, ಹನ್ನೆರಡನೇ ನಂಬರಿನ ಡ್ರೈವರ್ ಮೊಹಮ್ಮದ್ ಗೇಟು ಬಡಿದ. ಮಲಪ್ಪುರಂ ಕಡೆಯವನು. ಅವನ ಮಲಯಾಳವೂ ಖತೀಜಮ್ಮನ ಬ್ಯಾರಿಯೂ ಕಾಂಪೌಂಡಿನ ಗೋಡೆಯ ಮೇಲಿಂದ ಮೂರು ವರ್ಷಗಳಿಂದ ಮಾತಾಡಿಕೊಳ್ಳುತ್ತಿದ್ದವು. ಅಕ್ಕ ಅನ್ನಲಿಕ್ಕೆ ಅವನು ಇತ್ತಾ ಅನ್ನುತ್ತಿದ್ದ.

"ಇತ್ತಾ, ನಮ್ಮ ಯಜಮಾನಿ ಮಾಮಾ ಮರ್ಯಮ್ ಹರೀಸ್ ಮಾಡಿಸುತ್ತಿದ್ದಾರೆ. ಗೋಧಿ, ಕುರಿಮಾಂಸ, ಮೇಲೆ ಒಳ್ಳೆ ತುಪ್ಪ. ಈ ಸಲ ಅಕ್ಕಪಕ್ಕದವರಿಗೂ ಕಳಿಸಬೇಕಂತೆ. ನಿಮ್ಮಲ್ಲಿ ಎಷ್ಟು ಮಂದಿ ಅಂತ ಕೇಳಿಕೊಂಡು ಬಾ ಅಂದರು."

ಖತೀಜಮ್ಮ ಆಗ ಪತ್ತಿರ್ ತಟ್ಟುತ್ತಿದ್ದರು, ಅಕ್ಕಿ ಹಿಟ್ಟಿನ ಕೈ. ಆ ಕೈಯ ಬೆರಳುಗಳನ್ನೇ ಮಡಚಿದರು. ಮೇಲಿನ ಕೋಣೆ, ಕೆಳಗಿನ ಹಾಲು, ಗೇಟಿನ ಕೋಣೆ, ಮೆಟ್ಟಿಲ ಕೆಳಗೆ. ಹೈದರಾಬಾದಿನವನಿಗೆ ಇಫ್ತಾರಿಗೆ ಬರೇ ಖರ್ಜೂರ, ನೀರು. ಸಲೂನಿನ ಹುಡುಗಿಯರು ಮುಸ್ಲಿಮರಲ್ಲ, ಆದರೆ ಹಸಿವೆಗೆ ಯಾವ ಜಾತಿ. ಒಲಿಂಡಾ ನೈಟ್ ಡ್ಯೂಟಿಗೆ ಹೋಗುವ ಮೊದಲು ಒಂದು ಬೋಗುಣಿ ಬಿಸಿ ಕುಡಿದರೆ ಒಳ್ಳೆಯದು.

"ಇಪ್ಪತ್ತನಾಲ್ಕು," ಎಂದರು.

"ಇಪ್ಪತ್ತನಾಲ್ಕಾ?"

"ಒಬ್ಬಳಿಗೆ ಎರಡು ಪಾಲು. ಹೊಟ್ಟೆಯೊಳಗಿನದ್ದೂ ಸೇರಿಸಿ."

ಮೊಹಮ್ಮದ್ ಮತ್ತೇನೂ ಕೇಳದೆ ಹೋದ. ಮಗ್ರಿಬಿಗೆ ಹತ್ತು ನಿಮಿಷ ಇರುವಾಗ ಇಬ್ಬರು ಸೇರಿ ಎತ್ತುವಂಥ ಪಾತ್ರೆ ಬಂತು, ಜೊತೆಗೆ ಒಂದು ತಟ್ಟೆ ಖರ್ಜೂರ. ಆ ಸಂಜೆ ಹನ್ನೊಂದನೇ ನಂಬರಿನ ಅಡುಗೆಮನೆಯಲ್ಲಿ ಒಬ್ಬರ ಬೆನ್ನಿಗೆ ಒಬ್ಬರು ತಾಗಿಕೊಂಡು ಉಂಡರು. ಇದ್ದ ಬೋಗುಣಿ, ಲೋಟ, ಮುಚ್ಚಳ ಎಲ್ಲ ತುಂಬಿದವು. "ಇಂಥದ್ದು ನಾನು ಮದುವೆಯಲ್ಲೂ ತಿಂದಿಲ್ಲ ಮಾರಾಯ್ತಿ," ಎಂದು ಅಲಿಕುಂಞಿ ಬೆರಳು ನೆಕ್ಕಿದ. ಸ್ಟೇಸಿ ಎರಡು ಬೋಗುಣಿ ಖಾಲಿ ಮಾಡಿ, ವಾಂತಿಯಾಗದೆ, ಗೋಡೆಗೆ ಒರಗಿ ಕಣ್ಣು ಮುಚ್ಚಿದಳು. ದ್ವಾರಕನಾಥರು ಕುರಿ ತಿನ್ನುವವರಲ್ಲ, ಅವರಿಗೆ ಖತೀಜಮ್ಮ ಬೇರೆಯೇ ಪತ್ತಿರ್ ಮತ್ತು ತೆಂಗಿನಕಾಯಿ ಹಾಲು ಇಟ್ಟಿದ್ದರು. ಪಾತ್ರೆ ಎಲ್ಲಿಂದ ಬಂತು ಎಂದು ಎಲ್ಲರೂ ಕೇಳಿದರು. ಎಷ್ಟು ಮಂದಿಗೆ ಬಂತು ಎಂದು ಯಾರೂ ಕೇಳಲಿಲ್ಲ.

ಹದಿನಾಲ್ಕನೇ ದಿನ ದ್ವಾರಕನಾಥರಿಗೆ ಫೋನ್ ಬಂತು. ವಿಲ್ಲಾದ ಧಣಿ ಸಾದ್ ಮಾಡಿದ್ದು. ಸಾದ್ ಜೋರಾಗಿ ಮಾತಾಡುವವನಲ್ಲ. ಆರು ಮಂದಿಗೆ ಕೊಟ್ಟ ಮನೆಯಲ್ಲಿ ಇಪ್ಪತ್ತನಾಲ್ಕು ಮಂದಿ ಇದ್ದರೆ ದಂಡ ತನಗೆ ಬೀಳುತ್ತದೆ, ಈದ್ ಮುಗಿಯುವುದರೊಳಗೆ ಮನೆ ಬಿಟ್ಟರೆ ತಾನು ದೂರು ಕೊಡುವುದಿಲ್ಲ, ಖಲಾಸ್. ಅಷ್ಟು ಹೇಳಿ ರಮಳಾನ್ ಕರೀಂ ಎಂದು ಇಟ್ಟುಬಿಟ್ಟ.

ದ್ವಾರಕನಾಥರು ಅಡುಗೆಮನೆಯ ಬಾಗಿಲಲ್ಲಿ ನಿಂತರು. "ಯಾರೋ ಹೇಳಿದ್ದಾರೆ. ನಂಬರ್ ಸಮೇತ. ಅದೂ ಇಪ್ಪತ್ತನಾಲ್ಕು. ನಮಗೇ ಇಪ್ಪತ್ತಮೂರು ಅಂತ ಗೊತ್ತಿತ್ತು, ಅವರಿಗೆ ಒಂದು ಜಾಸ್ತಿ ಗೊತ್ತುಂಟು."

ಖತೀಜಮ್ಮನ ಕೈಯಲ್ಲಿದ್ದ ಸಟ್ಟುಗ ಕಾವಲಿಯ ಮೇಲೆಯೇ ನಿಂತಿತು. ಪತ್ತಿರ್ ಕರಟಿತು.

ಸಂಶಯ ಒಲಿಂಡಾಳ ಮೇಲೆ ಹೋಯಿತು. ಅದಕ್ಕೆ ಕಾರಣವೂ ಇತ್ತು. ಹದಿನೈದು ದಿನ ಹಿಂದೆ ಮೇಲಿನ ಬಾತ್‌ರೂಮಿನ ಪೈಪು ಒಡೆದು, ದ್ವಾರಕನಾಥರು ಇವತ್ತು ನಾಳೆ ಅನ್ನುತ್ತಾ ಇದ್ದಾಗ, "ನಿಮ್ಮಿಂದ ಆಗದಿದ್ದರೆ ನಾನೇ ಧಣಿಗೆ ಫೋನ್ ಮಾಡುತ್ತೇನೆ," ಎಂದು ಅವಳು ಎಲ್ಲರೆದುರು ಕೂಗಿದ್ದಳು.

"ನಾನು ಮಾಡಲಿಲ್ಲ," ಎಂದಳು ಒಲಿಂಡಾ.

"ಮತ್ತೆ ಯಾರು? ಕುಸುಮಾ ಕುಂದಾಪುರದಿಂದ ಮಾಡಿದ್ಲಾ?"

ಆ ಸಲ ಯಾರೂ ನಗಲಿಲ್ಲ. ಕಣ್ಣೂರಿನವಳು ಅವಳಿ ಮಕ್ಕಳನ್ನು ಒಲಿಂಡಾಳ ಕೋಣೆಯ ಮುಂದೆ ಆಡಲಿಕ್ಕೆ ಬಿಡಲಿಲ್ಲ. ಅವಳ ಜೊತೆಗಾತಿಯರೇ ಅವಳ ಜೊತೆ ಮಾತು ನಿಲ್ಲಿಸಿದರು. ಮೂರನೇ ದಿನ ಅವಳು ಬರ್ ದುಬೈಯಲ್ಲಿ ಯಾರದ್ದೋ ಕೋಣೆಯಲ್ಲಿ ಮೇಲಿನ ಮಂಚ ಹುಡುಕಿಕೊಂಡು ಟ್ರಾಲಿ ಎಳೆದು ಕೆಳಗೆ ಬಂದಳು. ಅಡುಗೆಮನೆಯಲ್ಲಿ ಖತೀಜಮ್ಮ ಒಬ್ಬರೇ ಇದ್ದರು.

"ನೀವಾದರೂ ನಂಬುತ್ತೀರಲ್ಲ ಖತೀಜಮ್ಮ?"

"ನಂಬುತ್ತೇನೆ ಬಾಯಮ್ಮ."

"ಅಷ್ಟು ಸಾಕು," ಎಂದು ಒಲಿಂಡಾ ಅವರ ಹಿಟ್ಟಿನ ಕೈ ಹಿಡಿದು ಅದುಮಿ ಹೋದಳು. ಟ್ಯಾಕ್ಸಿ ತಿರುವು ದಾಟುವವರೆಗೆ ಖತೀಜಮ್ಮನ ನಾಲಿಗೆ ಬಾಯಿಯ ಮೇಲ್ಭಾಗಕ್ಕೆ ಅಂಟಿಕೊಂಡೇ ಇತ್ತು. ಯಾಕೆಂದರೆ ಹಿಂದಿನ ದಿನವೇ ಮೊಹಮ್ಮದ್ ಗೋಡೆಯ ಮೇಲಿಂದ ಎಲ್ಲ ಹೇಳಿದ್ದ. ಸಾದ್ ಎಂದರೆ ಮಾಮಾ ಮರ್ಯಮ್‌ನ ತಂಗಿಯ ಮಗ. ಇಫ್ತಾರಿಗೆ ಬಂದವನ ಹತ್ತಿರ ಆಕೆ, ಪಕ್ಕದ ಮನೆಯ ಪಾಪದವರು ಇಪ್ಪತ್ತನಾಲ್ಕು ಮಂದಿ ಇದ್ದಾರಂತೆ, ಒಬ್ಬಳು ಬಸುರಿ ಬೇರೆ, ಆ ಮನೆಗೆ ಇನ್ನೊಂದು ಬಾತ್‌ರೂಮ್ ಕಟ್ಟಿಸಿಕೊಡು, ಪುಣ್ಯ ಬರುತ್ತದೆ ಎಂದಿದ್ದರು. ದೂರು ಹೇಳಿದ್ದಲ್ಲ. ಕನಿಕರಪಟ್ಟದ್ದು.

ಆ ರಾತ್ರಿ ತರಾವೀಹ್‌ಗೆ ನಿಂತರೂ ಖತೀಜಮ್ಮನಿಗೆ ನಮಾಝಿನ ರಕಅತ್ತುಗಳ ಎಣಿಕೆ ತಪ್ಪಿತು. ಮರುದಿನ ಇಫ್ತಾರಿನ ಹೊತ್ತಿಗೆ, ಎಲ್ಲರೂ ಬಾಂಗಿಗೆ ಕಾದು ಕೂತಿದ್ದಾಗ, ಹೇಳಿದರು.

"ಒಲಿಂಡಾ ಅಲ್ಲ. ನಾನು. ಹರೀಸ್ ಕಳಿಸಲಿಕ್ಕೆ ಎಷ್ಟು ಮಂದಿ ಅಂತ ಕೇಳಿದರು. ಹೇಳಿದೆ."

ಬಾಂಗ್ ಆಯಿತು. ಖರ್ಜೂರ ಯಾರ ಬಾಯಿಗೂ ಹೋಗಲಿಲ್ಲ.

ದ್ವಾರಕನಾಥರು ಮೊದಲು ನಕ್ಕರು, ಕೆಟ್ಟ ನಗು. "ಟ್ಯಾಬ್ ಹಿಡ್ಕಂಡು ಬಂದವಳಿಗೆ ಆರು. ಪಾತ್ರೆ ಹಿಡ್ಕಂಡು ಬಂದವನಿಗೆ ಇಪ್ಪತ್ತನಾಲ್ಕು. ನಿಮ್ಮನ್ನ ಗೇಟಿಗೆ ನಿಲ್ಲಿಸಿದವ ನಾನೇ ಅಲ್ದಾ? ನನ್ನ ಕಾಲು ನಾನೇ ಮುರ್ಕಂಡೆ."

ಇಲ್ಯಾಸ್ ತಾಯಿಯ ಮುಖ ನೋಡದೆ ಕೇಳಿದ: "ಅವನಿಗೂ ಆರು ಅನ್ನಲಿಕ್ಕೆ ಆಗಲಿಲ್ಲವಾ ಉಮ್ಮಾ?"

"ಅದು ಕಸದ ಡಬ್ಬಿಯ ಲೆಕ್ಕ ಮಗಾ. ಇದು ಅನ್ನದ ಲೆಕ್ಕ. ಆರು ಅಂದಿದ್ದರೆ ಹದಿನೇಳು ಮಂದಿಯ ಬಾಯಿಯಿಂದ ಕಿತ್ತ ಹಾಗಾಗುತ್ತಿತ್ತು."

"ಈಗ ಎಂತ ಆಯಿತು?"

ಶಾಹಿನ ಹೊಲಿಗೆ ಮೆಷಿನಿನ ಮೇಲೆ ಬಟ್ಟೆ ಹೊದೆಸಿದಳು. ಸ್ಟೇಸಿಯ ಜೊತೆಯವರು ಒಬ್ಬರ ಮುಖ ಒಬ್ಬರು ನೋಡಿ, ಆಮೇಲೆ ಸ್ಟೇಸಿಯ ಹೊಟ್ಟೆ ನೋಡಿದರು. ಅಲ್ಲಿಗೆ ಅವಳ ಗುಟ್ಟೂ ಬಯಲಾಯಿತು. ಖತೀಜಮ್ಮ ಒಲಿಂಡಾಳಿಗೆ ಫೋನ್ ಮಾಡಿಸಿದರು. ನಾಲ್ಕನೇ ಸಲಕ್ಕೆ ಎತ್ತಿದಳು. ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದಳು.

"ನಾನು ಹೊರಟಾಗ ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಸರಿ ಖತೀಜಮ್ಮ. ನನಗೆ ಡ್ಯೂಟಿಗೆ ಹೊತ್ತಾಯಿತು," ಎಂದು ಇಟ್ಟಳು. ಮತ್ತೆ ಎತ್ತಲಿಲ್ಲ.

ಮನೆ ಒಂದೊಂದೇ ತಲೆ ಕಳೆದುಕೊಳ್ಳತೊಡಗಿತು. ಹಾಲಿನ ಜೋಡಿಗಳು ಹೋದವು, ಜಿಪ್ಸಂ ಹಲಗೆ ಬಿಚ್ಚಿ ಗೇಟಿನ ಹೊರಗೆ ಒರಗಿಸಿದರು. ಕಣ್ಣೂರಿನವರು ಶಾರ್ಜಾಕ್ಕೆ ಹೋದರು. ಒಲಿಂಡಾಳ ಜೊತೆಗಾತಿಯರು ಆಸ್ಪತ್ರೆಯ ಹಾಸ್ಟೆಲಿಗೆ ಹೋದರು. ಹೈದರಾಬಾದಿನವನು ಎಲ್ಲಿಗೆ ಹೋದನೆಂದು ಯಾರಿಗೂ ಹೇಳಲಿಲ್ಲ. ಹನಾಳ ಶಾಲೆಗೆ ಇಲ್ಯಾಸ್ ಟಿ.ಸಿ.ಗೆ ಬರೆದುಕೊಟ್ಟ. ಆ ಶಾಲೆಗೆ ಅವಳು ದಿನಾ ನಡೆದೇ ಹೋಗುತ್ತಿದ್ದಳು. ಆ ದಿನ ಬಂದು ಅವಳು ಫ್ರಿಜ್ಜಿನ ಮೇಲಿದ್ದ ಕರಪತ್ರ ತೆಗೆದು, ನಕ್ಷೆಯಲ್ಲಿ ಹನ್ನೊಂದನೇ ಮನೆಯ ಮೇಲೆ ಪೆನ್ಸಿಲಿನಲ್ಲಿ ಕಾಟು ಹಾಕಿದಳು. ಅಜ್ಜಿಯ ಜೊತೆ ಇಂಗ್ಲಿಷಿನಲ್ಲೂ ಮಾತಾಡಲಿಲ್ಲ.

ಆದರೆ ಮರ್ಯಮ್‌ನ ಪಾತ್ರೆ ಇನ್ನೂ ಅಡುಗೆಮನೆಯ ಮೂಲೆಯಲ್ಲೇ ಇತ್ತು. ನೆರೆಮನೆಯ ಪಾತ್ರೆಯನ್ನು ಖಾಲಿ ಕೊಡುವ ಅಭ್ಯಾಸ ಖತೀಜಮ್ಮನಿಗಿಲ್ಲ. ಇಪ್ಪತ್ತೇಳನೇ ದಿನ ಅವರು ಗೋಡೆಯ ಹತ್ತಿರ ಹೋಗಿ ಮೊಹಮ್ಮದನನ್ನು ಕರೆದರು.

"ನಿಮ್ಮ ಮನೆಯಲ್ಲಿ ಎಷ್ಟು ಮಂದಿ? ಪತ್ತಿರ್ ಮಾಡಿ ತುಂಬಿಸಿ ಕೊಡಬೇಕು."

"ಎರಡು," ಎಂದ ಮೊಹಮ್ಮದ್.

"ತಮಾಷೆ ಮಾಡಬೇಡ."

"ಖುದಾಣೆ ಇತ್ತಾ. ಒಳಗೆ ಮಾಮಾ, ಮತ್ತೆ ಕೆಲಸದವಳು. ಮಕ್ಕಳೆಲ್ಲ ಬೇರೆ ಬೇರೆ ದೇಶದಲ್ಲಿ. ನಾನು ಹೊರಗಿನ ಕೋಣೆ. ನನ್ನನ್ನೂ ಸೇರಿಸಿದರೆ ಮೂರು."

ಖತೀಜಮ್ಮ ಹನ್ನೆರಡನೇ ನಂಬರಿನ ಮಹಡಿ ನೋಡಿದರು. ಮೂರು ವರ್ಷ ಅದೇ ಕಿಟಕಿಗಳನ್ನು ನೋಡಿದ್ದರು, ಪರದೆ ಸರಿದದ್ದು ಒಂದೇ ಕಿಟಕಿಯದ್ದು. ಮೂರು ಮಂದಿಗೆ ಅಂತ ಮಾಡಲು ಕೈ ಬರಲಿಲ್ಲ. ಅರವತ್ತು ಪತ್ತಿರ್ ಸುಟ್ಟು, ತುಪ್ಪ ಸವರಿ, ಬಟ್ಟೆಯಲ್ಲಿ ಸುತ್ತಿ, ಪಾತ್ರೆಯಲ್ಲಿಟ್ಟು, ಅಲಿಕುಂಞಿಯ ಕೈಯಲ್ಲಿ ಹೊರಿಸಿಕೊಂಡು ತಾವೇ ಹೋದರು.

ಮರ್ಯಮ್ ಬಾಗಿಲಿಗೇ ಬಂದರು. ಖತೀಜಮ್ಮನದೇ ವಯಸ್ಸು, ಮೊಣಕಾಲು ನೋವಿಗೆ ಕೋಲು. ಪತ್ತಿರ್ ಮುಟ್ಟಿ ನೋಡಿ ಖತೀಜಮ್ಮನ ಹಣೆಗೆ ಮುತ್ತು ಕೊಟ್ಟರು. ಸಾದ್ ಆ ಮನೆಗೆ ಏನು ಮಾಡಿದನೆಂದು ಅವರಿಗೆ ಗೊತ್ತೇ ಇರಲಿಲ್ಲ. ಗೇಟಿನ ಹೊರಗಿನ ಜಿಪ್ಸಂ ಹಲಗೆ ತೋರಿಸಿ, ಬಾತ್‌ರೂಮ್ ಕೆಲಸ ಶುರುವಾಯಿತಲ್ಲ, ಮಾಶಾ ಅಲ್ಲಾ ಎಂದು ಸಂತೋಷಪಟ್ಟರು. ಆಮೇಲೆ ತಮ್ಮ ಅರೆಬರೆ ಹಿಂದಿಯಲ್ಲಿ ಕೇಳಿದರು: "ಕೊನೆಯ ಇಫ್ತಾರಿಗೆ ಮತ್ತೆ ಹರೀಸ್ ಮಾಡಿಸುತ್ತೇನೆ. ಕಿತ್ನಾ ನಫರ್, ಎಷ್ಟು ಮಂದಿ?"

ಪಕ್ಕದಲ್ಲಿ ಮೊಹಮ್ಮದ್ ನೆಲ ನೋಡುತ್ತಾ ನಿಂತಿದ್ದ.

ಆಗ ಮನೆಯಲ್ಲಿ ಉಳಿದಿದ್ದವರು ಹನ್ನೊಂದು ಮಂದಿ. ಇಲ್ಯಾಸನ ನಾಲ್ವರು, ಸಲೂನಿನ ನಾಲ್ವರು, ಅಲಿಕುಂಞಿ ಮತ್ತು ತಮ್ಮ, ದ್ವಾರಕನಾಥರು. ಹೊಟ್ಟೆಯೊಳಗಿನದ್ದು ಸೇರಿಸಿ ಹನ್ನೆರಡು. ಇನ್ನು ಎರಡೇ ದಿನ. ಇನ್ನು ಯಾರಿಗೆ ಗೊತ್ತಾದರೂ ಹೋಗುವುದು ಹೋಗಿಯಾಗಿತ್ತು. ಖತೀಜಮ್ಮನಿಗೆ ಅದೆಲ್ಲ ಗೊತ್ತಿತ್ತು. ಆದರೂ ಒಮ್ಮೆ ಸರಿ ಲೆಕ್ಕ ಹೇಳಿ ಮನೆ ಚೆದುರಿಸಿದ ನಾಲಿಗೆ ಮತ್ತೆ ಆ ಲೆಕ್ಕಕ್ಕೆ ಏಳಲಿಲ್ಲ.

"ಆರು," ಎಂದರು.

ಅಲಿಕುಂಞಿ ಅವರ ಕಡೆ ತಿರುಗಿ ನೋಡಿದ.

"ಛೆ ನಫರ್ ಮಾಮಾ," ಎಂದು ಖತೀಜಮ್ಮ ಹಿಂದಿಯಲ್ಲೂ ಹೇಳಿದರು. "ನಾವು ಆರೇ ಮಂದಿ."

ಇಪ್ಪತ್ತೊಂಬತ್ತನೇ ದಿನ ಸಂಜೆ ಹರೀಸ್ ಬಂತು. ಸಣ್ಣ ಪಾತ್ರೆ, ಒಬ್ಬನೇ ಒಂದು ಕೈಯಲ್ಲಿ ಹಿಡಿದು ತಂದ. ಮೂರು ಪೆಟ್ಟಿಗೆಗಳಿಗೆ ಹಗ್ಗ ಬಿಗಿದಿತ್ತು. ಮಂಗಳೂರಿನ ವಿಮಾನ ಮರುದಿನ ಮಧ್ಯಾಹ್ನ, ಮುಸಫ್ಫಾದ ಕಂಪನಿ ಬಸ್ಸು ಈದಿನ ಮಾರನೇ ಬೆಳಿಗ್ಗೆ. ಇಲ್ಯಾಸ್ ತನ್ನ ಚಾಪೆ, ಒಂದು ದಿಂಬು, ಒಂದು ಕುಕ್ಕರು ಬೇರೆ ಕಟ್ಟಿಟ್ಟಿದ್ದ.

ಖತೀಜಮ್ಮ ಸೌಟು ಹಿಡಿದರು. ಸ್ಟೇಸಿಗೆ ಮೊದಲು, ಎರಡು ಸೌಟು. ಹನಾಗೆ. ಶಾಹಿನಗೆ. ಸಲೂನಿನ ಹುಡುಗಿಯರಿಗೆ ಒಂದೊಂದು. ಅಲಿಕುಂಞಿ "ನನಗೆ ಬೇಡ ಇತ್ತಾ, ಕೆಫೆಟೇರಿಯಾದಲ್ಲಿ ಉಂಟು" ಎಂದ, ಅವನಿಗೂ ಹಾಕಿದರು, ತಮ್ಮನಿಗೂ ಹಾಕಿದರು. ದ್ವಾರಕನಾಥರಿಗೆ ಪತ್ತಿರ್ ಇರಲಿಲ್ಲ, ಹಿಟ್ಟು ಮುಗಿದಿತ್ತು. ಅವರು ಒಂದು ಖರ್ಜೂರ ಎತ್ತಿಕೊಂಡು "ನಂಗೆ ಇದೇ ಸಾಕು ಖತೀಜಮ್ಮ" ಎಂದರು, ಸಿಟ್ಟಿಲ್ಲದೆ. ಇಲ್ಯಾಸನ ಬೋಗುಣಿಗೆ ಬಂದಾಗ ಸೌಟು ಪಾತ್ರೆಯ ತಳ ಕೆರೆಯಿತು.

"ನಿಮಗೆ?" ಎಂದ ಇಲ್ಯಾಸ್. ಹನ್ನೆರಡು ದಿನಗಳಲ್ಲಿ ಅವನು ತಾಯಿಗೆ ಆಡಿದ ಮೊದಲ ಮಾತು.

"ನಂದು ಆಯ್ತು. ನೀನು ತಿನ್ನು."

ಅವರು ಪಾತ್ರೆಯನ್ನು ಸಿಂಕಿಗೆ ಒಯ್ದರು. ಒಂದು ಲೋಟ ನೀರು ಹಾಕಿದರು, ಬೆರಳಿನಿಂದ ಸುತ್ತಲೂ ತೊಳೆದರು, ತುಪ್ಪದ ಕಣ್ಣುಗಳು ತೇಲಿದವು. ಬಾಗಿಲಿಗೆ ಬೆನ್ನು ಮಾಡಿ ನಿಂತು ಕುಡಿದರು. ಮೇಲೆ ಒಂದು ವಿಮಾನ ಹೋಯಿತು, ಕಿಟಕಿ ಗಾಜು ಎಂದಿನ ಹಾಗೆ ಸಣ್ಣಗೆ ಅದುರಿತು.

ಪಾತ್ರೆ ಒಯ್ಯಲು ಮೊಹಮ್ಮದ್ ಗೇಟಿನಲ್ಲಿ ನಿಂತಿದ್ದ. ಒಳಗಿನ ಬೋಗುಣಿಗಳನ್ನು ಅವನು ಅಲ್ಲಿಂದಲೇ ನೋಡಿದ.

"ಸಾಕಾಯಿತಾ ಅಂತ ಮಾಮಾ ಕೇಳಿಕೊಂಡು ಬರಲು ಹೇಳಿದರು ಇತ್ತಾ."

ಖತೀಜಮ್ಮ ತೊಳೆದ ಪಾತ್ರೆಯನ್ನು ಸೆರಗಿನಿಂದ ಒರೆಸಿ ಅವನ ಕೈಗಿಟ್ಟರು.

"ಆರು ಮಂದಿಗೆ ಧಾರಾಳ ಇತ್ತು ಅಂತ ಹೇಳು."